ನಾಲ್ಕು ಮಾರು ಹುಣಸೆ ಸೌದೆ

ನಿಂತ ಮರವನ್ನು ನೋಡಿ ಅದರಲ್ಲಿ ಎಷ್ಟು ಗಾಡಿ ಸೌದೆ ಇದೆ ಎಂದು ಹೇಳುವುದರಲ್ಲಿ ಕಿರಂಗೂರಿನಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ ಅನ್ನಿ. ಮದುವೆ ಗೊತ್ತಾದ ಮನೆಯವರು ಮೊದಲು ಪುರೋಹಿತರ ಹತ್ತಿರ ಹೋಗುತ್ತಿದ್ದರು, ಆಮೇಲೆ ನನ್ನ ಹತ್ತಿರ ಬರುತ್ತಿದ್ದರು. ನಾನು ಮರಕ್ಕೆ ಒಂದು ಸುತ್ತು ಹಾಕಿ, ಬುಡವನ್ನು ಒಮ್ಮೆ ತಬ್ಬಿ ನೋಡಿ, ಕೊಂಬೆಗಳನ್ನೆಲ್ಲ ಕಣ್ಣಲ್ಲೇ ಕಡಿದು, "ಮೂರು ಗಾಡಿ, ಮೇಲೊಂದು ಹೊರೆ" ಎಂದರೆ ಆ ಮೇಲಿನ ಹೊರೆಯೂ ತಪ್ಪುತ್ತಿರಲಿಲ್ಲ. ನನ್ನ ಹೆಂಡತಿ ಸಾಕಮ್ಮ ಮಾತ್ರ "ಮರದ ಲೆಕ್ಕ ಬತ್ತದೆ, ಮನೆ ಲೆಕ್ಕ ಬರಕಿಲ್ಲ" ಎಂದು ಮೂಗು ಮುರಿಯುತ್ತಿದ್ದಳು.

ಅಂಥ ನನಗೆ ತೊಂಬತ್ತಾರನೇ ಇಸವಿಯ ಯುಗಾದಿ ಕಳೆದ ಮಾರನೇ ದಿನ ಅಪ್ಪಣೆ ಆಯಿತು: ಈ ವರ್ಷ ಮನೆಯಲ್ಲಿ ಬಾಣಂತನಕ್ಕೆಂದು ಒಂದು ಚಕ್ಕೆ ಸೌದೆಯನ್ನೂ ಒಟ್ಟಕೂಡದು. ಅಪ್ಪಣೆ ಮಾಡಿದವಳು ಸಾಕಮ್ಮನೇ.

ನಮ್ಮ ಒಬ್ಬಳೇ ಮಗಳು ರಂಜಿತ ಮತ್ತೆ ಬಸುರಿಯಾಗಿದ್ದಳು. ಅವಳನ್ನು ಪಾಂಡವಪುರಕ್ಕೆ ಕೊಟ್ಟಿದ್ದೆವು. ಅಳಿಯ ಕುಮಾರ್ ಅಲ್ಲಿ ಮೇಷ್ಟ್ರು. ಶ್ರಾವಣದಲ್ಲಿ ದಿನ ತುಂಬುತ್ತದೆ ಎಂದು ಸುದ್ದಿ ಬಂದಾಗ ನಾನು ಒಲೆಯ ಮುಂದೆ ಕೂತು ಮುದ್ದೆ ಮುರಿಯುತ್ತಿದ್ದೆ. ಮುದ್ದೆ ಬಿಟ್ಟು ಎದ್ದುಬಿಟ್ಟೆ. ಶ್ರಾವಣ ಎಂದರೆ ಮಳೆ. ಮಳೆಗಾಲದಲ್ಲಿ ಸುಡುವ ಸೌದೆ ಬೇಸಿಗೆಯಲ್ಲೇ ಒಡೆದು ಒಣಗಿರಬೇಕು. ನಮ್ಮ ಬಚ್ಚಲುಮನೆಯ ಒಲೆಗೆ ಹೊಗೆಗೂಡು ಇಲ್ಲ. ಹಸಿ ಸೌದೆ ಹಾಕಿದರೆ ಹಂಡೆ ಕಾಯುವ ಮೊದಲೇ ಮನೆಯೆಲ್ಲ ಹೊಗೆ. ಅಂಥದ್ದರಲ್ಲಿ ಹಸಿ ಬಾಣಂತಿಯನ್ನೂ ಕಣ್ಣು ಬಿಡದ ಕೂಸನ್ನೂ ಕೂರಿಸಿ ನೀರುಯ್ಯಲು ಆಗುತ್ತದೆಯೇ?

ಆದರೆ ಸಾಕಮ್ಮನ ಅಪ್ಪಣೆಗೂ ಕಾರಣವಿತ್ತು. ಎರಡು ವರ್ಷದ ಹಿಂದೆ ರಂಜಿತನ ಚೊಚ್ಚಲ ಹೆರಿಗೆಗೆ ನಾನು ಏಳನೇ ತಿಂಗಳಲ್ಲೇ ಮನೆ ಮುಂದಿನ ಜಗಲಿಯ ಉದ್ದಕ್ಕೂ ಸೌದೆ ಒಟ್ಟಿದ್ದೆ. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಊರಿನ ಯಜಮಾನ ಕರಿಯಪ್ಪ, "ಇದು ಸೌದೆನೋ, ಇಲ್ಲ ಪಟ್ಟಣದ ಕೋಟೆ ಗೋಡೆನೋ ಹೊನ್ನಪ್ಪ?" ಎಂದು ನಕ್ಕಿದ್ದರು. ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ. ಒಂಬತ್ತರಲ್ಲಿ ಹೆರಿಗೆಯಾಯಿತು. ಕೂಸು ಸತ್ತೇ ಹುಟ್ಟಿತು. ಆ ಸೌದೆಯಲ್ಲಿ ಒಂದು ಕಡ್ಡಿಯನ್ನೂ ಸಾಕಮ್ಮ ಮನೆಯೊಳಗೆ ತರಗೊಡಲಿಲ್ಲ. ಮೈಸೂರು ರಸ್ತೆಯ ಹೋಟೆಲಿನವನೊಬ್ಬ ಬಂದು ತುಂಬಿಕೊಂಡು ಹೋದ. ಅವತ್ತು ಅವಳು ಒಂದೇ ಮಾತು ಅಂದಿದ್ದಳು: "ಕೂಸು ಹುಟ್ಟಕ್ಕೆ ಮುಂಚೆ ಕುಲಾವಿ ಒಲಿಸ್ದೋರು ನೀವೇ ಕಣ."

ಅವಳು ನನ್ನನ್ನು 'ನೀವು' ಎಂದದ್ದು ಮದುವೆಯಾದ ಮೇಲೆ ಅದೊಂದೇ ಸಲ. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಈ ಸಲ ಅವಳ ಮಾತು ಮೀರಲು ಧೈರ್ಯವಿರಲಿಲ್ಲ. ಸುಮ್ಮನಿರಲು ಜೀವ ಒಪ್ಪಲಿಲ್ಲ. ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು. ರಾತ್ರಿ ಮಲಗಿದರೆ ತೊಲೆ ಜಂತೆಗಳನ್ನೆಲ್ಲ ಸೀಳಿ ಚಕ್ಕೆ ಮಾಡಿ ಎಣಿಸುತ್ತಿದ್ದೆ. ಚೈತ್ರದ ಗಾಳಿಗೆ ನಮ್ಮ ತೋಟದ ಹುಣಸೆಮರದ ದೊಡ್ಡ ಕೊಂಬೆಯೊಂದು ಮುರಿದು ಬಿದ್ದಾಗ, ದೇವರೇ ಕಣ್ಣು ಮಿಟುಕಿಸಿದ ಅಂದುಕೊಂಡೆ. ಹುಣಸೆಯಂಥ ಕಾವು ಇನ್ನು ಯಾವ ಸೌದೆಗಿದೆ? ತೋಟ ನಾಲೆಯ ಆಚೆ ಇತ್ತು. ಸಾಕಮ್ಮ ಅತ್ತ ಬರುವುದು ಅಪರೂಪ. ಅಲ್ಲಿ ಪಂಪ್‌ಸೆಟ್ಟಿನ ಮನೆಯ ಹಿಂದೆ ಶೀಟು ಇಳಿಬಿಟ್ಟ ಜಾಗವೊಂದಿತ್ತು.

ಎಷ್ಟು ಬೇಕು ಎನ್ನುವುದನ್ನು ಕೇಳಲು ನೀರುಯ್ಯುವ ದ್ಯಾವಜ್ಜಿಯ ಹತ್ತಿರ ಹೋದೆ. ಊರಿನ ಅರ್ಧ ಜನ ಅವಳ ಕಾಲ ಮೇಲೆ ಅಂಗಾತ ಮಲಗಿ ಎಣ್ಣೆ ನೀರು ಕಂಡವರೇ. ರಂಜಿತನಿಗೂ ಅವಳೇ ನೀರುಯ್ದದ್ದು. ಮೈಯೆಲ್ಲ ಒಣಗಿ ಒಂದು ಹಿಡಿಯಾಗಿದ್ದಳು, ಆದರೆ ಅಂಗೈ ಮಾತ್ರ ಅಗಲವಾಗೇ ಉಳಿದಿತ್ತು.

"ಯಾಕ್ಲಾ ಕದ್ದು ಬಂದಿದ್ದೀಯೆ?" ಎಂದಳು.

ವಿಷಯ ಹೇಳಿದೆ. ಅಜ್ಜಿ ನಗಲಿಲ್ಲ. ಬೆರಳು ಮಡಿಚಿದಳು.

"ಒಂದಂಡೆ ಕುದಿಯಕ್ಕೆ ಒಣ ಉಣಸೆ ಚಕ್ಕೆ ಎಂಟು. ಬಾಣಂತಿಗೆ ಒಂದಂಡೆ, ಕೂಸ್ಗೆ ಬಟ್ಟೆಬರೆಗೆ ಒಂದಂಡೆ. ದಿನಕ್ಕೆ ಅದಿನಾರು. ಮೂರು ತಿಂಗ್ಳು ಉಯ್ಯಬೇಕು ಕಣ್ಲಾ, ಇಲ್ದಿದ್ರೆ ಸೊಂಟ ನಿಲ್ಲಕಿಲ್ಲ ಮಗೀಗೆ. ಲೆಕ್ಕ ನೀನೇ ಆಕ್ಕೊ."

"ಒಂದು ಮಾರಿಗೆ ಮುನ್ನೂರರವತ್ತು ಚಕ್ಕೆ ಕೂತ್ಕತವೆ ಅಜ್ಜಿ. ಎದೆ ಮಟ್ಟಕ್ಕೆ ಒಟ್ಟುದ್ರೆ ನಾಲ್ಕು ಮಾರು."

"ನಾಲ್ಕು ಮಾರು. ಒಂದು ಚಕ್ಕೆ ಹಸಿ ಇದ್ರೂ ನಾನು ಬಚ್ಚಲಿಗೆ ಕಾಲಿಡಕಿಲ್ಲ. ಸಾಕಿಗೆ ಏಳಬ್ಯಾಡ. ನಾನೂ ಏಳಕಿಲ್ಲ."

ಅವಳು ಅಷ್ಟು ಹೇಳಿದ್ದೇ ತಡ, ನಾನು ಕೊಡಲಿ ಹಿಡಿದೆ. ಬಿದ್ದ ಕೊಂಬೆ ಎರಡು ಮಾರಿಗೆ ಸಾಲುವಷ್ಟಿತ್ತು. ಮಿಕ್ಕಿದ್ದಕ್ಕೆ ಇನ್ನೊಂದು ಕೊಂಬೆ ಇಳಿಸಿದೆ. ಮೊಳದುದ್ದ ತುಂಡು ಮಾಡಿ, ಕೋಲಿಟ್ಟು ಅಳೆದು, ಸೀಳಿದೆ. ಮೊದಲು ಬಿಸಿಲಿಗೆ ಹರಡಿ ಇಪ್ಪತ್ತು ದಿನ ಒಣಗಿಸಿದೆ. ಎರಡು ಚಕ್ಕೆ ತೆಗೆದುಕೊಂಡು ಒಂದಕ್ಕೊಂದು ಬಡಿದರೆ ಟಣ್ ಎನ್ನಬೇಕು. ಹಸಿಯಿದ್ದರೆ ದಬ್ ಎನ್ನುತ್ತದೆ. ಟಣ್ ಎಂದವನ್ನು ಮಾತ್ರ ಒಟ್ಟಿದೆ. ಅಡಿಗೆ ತೆಂಗಿನ ದಿಮ್ಮಿ ಎರಡು ಹಾಕಿ, ಎರಡು ತುದಿಗೂ ಚಕ್ಕೆಗಳನ್ನು ಅಡ್ಡಡ್ಡ ಜೋಡಿಸಿ ಗೋಡೆ ಕಟ್ಟಿ, ನಡುವೆ ತೊಗಟೆ ಮೇಲಾಗುವಂತೆ, ಗಾಳಿ ಆಡುವಂತೆ ಒಟ್ಟುತ್ತ ಹೋದೆ. ಮೇಲೆ ಕಬ್ಬಿನ ತರಗು, ಅದರ ಮೇಲೆ ಟಾರ್ಪಾಲು. ಕೊನೆಯ ಚಕ್ಕೆ ಇಟ್ಟ ದಿನ ಎರಡೂ ಕೈ ಚಾಚಿ ಒಟ್ಟಿಲಿನ ಉದ್ದಕ್ಕೂ ಅಳೆದೆ. ಸರಿಯಾಗಿ ನಾಲ್ಕು ಮಾರು. ಮಾರನೇ ದಿನ ಹೋಗಿ ಮತ್ತೆ ಅಳೆದೆ. ಅದರ ಮಾರನೇ ದಿನವೂ ಅಳೆದೆ. ಸೌದೆ ರಾತ್ರೋರಾತ್ರಿ ಕುಗ್ಗುವುದಿಲ್ಲ ಎಂದು ನನಗೆ ಗೊತ್ತಿಲ್ಲದೆ ಇಲ್ಲ. ಆದರೂ ಅಳೆದೆ.

ಕಂಡವರು ಕೇಳದೆ ಬಿಡುತ್ತಾರೆಯೇ? "ಯಾರ್ಗೆ ಹೊನ್ನಪ್ಪ ಈ ಪಾಟಿ ಸೌದೆ?" ಎಂದರೆ "ಮಾರಕ್ಕೆ ಕಣಪ್ಪ, ಹೋಟ್ಲೋನು ಬತ್ತಾನೆ" ಎನ್ನುತ್ತಿದ್ದೆ. ಸುಳ್ಳು ಹೇಳುವುದು ಸುಲಭ ಎಂದು ಆಗ ಅನ್ನಿಸಿತ್ತು.

ಆಷಾಢದ ಮೊದಲ ವಾರ ರಂಜಿತ ಬಸ್ಸಿನಿಂದ ಇಳಿದಳು. ಹೊಟ್ಟೆ ಮುಂದಾಗಿ, ಕಾಲು ಊದಿಕೊಂಡು, ಮುಖ ಮಾತ್ರ ಹಿಂದಿನಂತೇ ಚಿಕ್ಕದಾಗಿ. ಅವಳನ್ನು ನೋಡಿದ ಕ್ಷಣದಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅವಳು ನೀರು ಕುಡಿಯಲು ಎದ್ದರೆ ನಾನೂ ಏಳುತ್ತಿದ್ದೆ. ಮಲಗಿ ಮಗ್ಗುಲು ಬದಲಿಸಿದರೆ ಹೊರಗೆ ಹೋಗಿ ಮೋಡ ನೋಡುತ್ತಿದ್ದೆ. "ಅಪ್ಪ, ನೀನು ಇಂಗೆ ಒಳಗೂ ಒರಗೂ ಓಡಾಡ್ತಿದ್ರೆ ನನ್ಗೆ ತಲೆ ಸುತ್ತತದೆ, ಒಂದ್ಕಡೆ ಕೂತ್ಕ" ಎಂದು ಅವಳೇ ಗದರಿಸಿದಳು. ಸಾಕಮ್ಮ ಏನೂ ಆಗದವಳಂತೆ ರಾಗಿ ಕೇರುತ್ತಿದ್ದಳು. ಹೆರಿಗೆಯ ಮಾತು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಹೊಟ್ಟೆ ಹೊತ್ತುಕೊಂಡವಳೊಬ್ಬಳು ನಡುಮನೆಯಲ್ಲಿ ಓಡಾಡುತ್ತಿದ್ದಾಳೆ, ಅದನ್ನು ನಾವ್ಯಾರೂ ನೋಡೇ ಇಲ್ಲ ಅನ್ನುವ ಹಾಗೆ.

ಮಳೆ ಹಿಡಿಯಿತು. ಮೂರು ದಿನ ಅಂದುಕೊಂಡದ್ದು ಎಂಟು ದಿನ ಜಡಿಯಿತು. ನಾಲೆಗೆ ನೀರೂ ಬಿಟ್ಟರು. ಗದ್ದೆ ಯಾವುದು ದಾರಿ ಯಾವುದು ತಿಳಿಯದಂತಾಯಿತು. ಊರಲ್ಲಿ ಎಲ್ಲರ ಹಿತ್ತಲ ಸೌದೆಯೂ ನೆನೆದು ಅಣಬೆ ಬಿಟ್ಟಿತು. ನಾನು ದಿನಕ್ಕೆರಡು ಸಲ ಗೋಣಿಕೊಪ್ಪೆ ಹಾಕಿಕೊಂಡು ತೋಟಕ್ಕೆ ಹೋಗಿ ಟಾರ್ಪಾಲಿನ ಕೆಳಗೆ ಕೈ ತೂರಿಸಿ ನೋಡುತ್ತಿದ್ದೆ. ಒಳಗೆ ಹುಣಸೆ ಸೌದೆ ಬೆಚ್ಚಗೆ, ಒಣಗಿ, ಬಡಿದರೆ ಟಣ್ ಎನ್ನುವಂತೇ ಇತ್ತು. ಅದನ್ನು ಮುಟ್ಟಿದ ಮೇಲೆ ಒಂದು ಗಂಟೆ ಹೊತ್ತು ನೆಮ್ಮದಿ. ಆಮೇಲೆ ಮತ್ತೆ ಅದೇ ತಳಮಳ.

ಒಂಬತ್ತನೇ ದಿನ ಬೆಳಿಗ್ಗೆ ದ್ಯಾವಜ್ಜಿ ಸತ್ತಳು. ಹಿಂದಿನ ದಿನ ಗಂಜಿ ಕುಡಿದು ಮಲಗಿದವಳು ಏಳಲೇ ಇಲ್ಲವಂತೆ. ಹೋಗಿ ಅವಳ ಪಾದ ಮುಟ್ಟಿ ಬಂದೆ. ನಿಜ ಹೇಳುತ್ತೇನೆ, ದುಃಖಕ್ಕಿಂತ ಮೊದಲು ಬಂದದ್ದು ಇನ್ನೊಂದು ಯೋಚನೆ: ನಮ್ಮ ರಂಜಿತನ ಕೂಸಿಗೆ ಇನ್ನು ಯಾರು ನೀರುಯ್ಯುತ್ತಾರೆ?

ಅವರ ಮನೆತನದಲ್ಲಿ ಹೂಳುವುದೇ ರೂಢಿ. ಅವಳ ಮಗ ಮರಿಸ್ವಾಮಿ ನಾಲ್ಕು ಜನರನ್ನು ಕಟ್ಟಿಕೊಂಡು ಅವರ ಹೊಲದ ಬದುವಿನಲ್ಲಿ ಗುಂಡಿ ತೋಡಿಸಿದ. ಸೊಂಟದಷ್ಟು ಇಳಿಯುವ ಮೊದಲೇ ಬುಡದಿಂದ ನೀರು ಉಕ್ಕಿತು. ಎತ್ತಿ ಚೆಲ್ಲಿದರೆ ಮತ್ತೆ ಬಂತು. ಇನ್ನೊಂದು ಕಡೆ ತೋಡಿದರು, ಅಲ್ಲೂ ಅದೇ. "ಎತ್ತವ್ವನ್ನ ನೀರಲ್ಲಿ ಮುಳುಗ್ಸಕ್ಕೆ ನನ್ಗೆ ಆಗಕಿಲ್ಲ" ಎಂದು ಮರಿಸ್ವಾಮಿ ಗುಂಡಿಯ ಪಕ್ಕದಲ್ಲೇ ಕೂತು ಅತ್ತನಂತೆ. ಊರಿನ ನಾಲ್ಕು ಹಿರಿಯರು ಕೂಡಿ, ಸುಟ್ಟುಬಿಡೋಣ ಎಂದು ತೀರ್ಮಾನಿಸಿದರು. ಸುಡಲು ಒಣ ಸೌದೆ ಬೇಕು. ಒಣ ಸೌದೆ ಊರಿನಲ್ಲಿ ಎಲ್ಲಿತ್ತು?

ಮಧ್ಯಾಹ್ನದ ಹೊತ್ತಿಗೆ ಕರಿಯಪ್ಪನೂ ಮರಿಸ್ವಾಮಿಯೂ ನಮ್ಮ ಬಾಗಿಲಲ್ಲಿ ನಿಂತಿದ್ದರು. ಸೂತಕದ ಮನೆಯವರಾದ್ದರಿಂದ ಮರಿಸ್ವಾಮಿ ಮಳೆಯಲ್ಲೇ, ಬೀದಿಯಲ್ಲೇ ನಿಂತ.

"ಮಾರಕ್ಕೆ ಒಟ್ಟಿದ್ದೀಯಲ್ಲ ಹೊನ್ನಪ್ಪ, ಆ ಹೋಟ್ಲೋನ್ಗೆ ಆಮ್ಯಾಕೆ ಬೇರೆ ಕೊಡು. ಈಗ ಇದಾಗಲಿ" ಎಂದರು ಕರಿಯಪ್ಪ.

ಸಾವಿನ ಮನೆಗೆ ಸೌದೆ ಇಲ್ಲ ಎನ್ನುವ ಬಾಯಿ ನಮ್ಮ ಕಡೆ ಹುಟ್ಟಿಲ್ಲ. ಹಗೆಯವನ ಮನೆಯಲ್ಲಿ ಸಾವಾದರೂ ಒಂದೊಂದು ತುಂಡು ಹೊತ್ತು ಹಾಕುವವರು ನಾವು. ಅಲ್ಲ, ಅದು ಮಾರಾಟಕ್ಕಲ್ಲ, ಬಾಣಂತನಕ್ಕೆ ಎಂದು ಹೇಳೋಣವೆಂದರೆ, ಹಿಂದೆ ಬಾಗಿಲ ಸಂದಿಯಲ್ಲಿ ಸಾಕಮ್ಮ, ಅವಳ ಹಿಂದೆ ರಂಜಿತ. ಹೆಣದ ಸುದ್ದಿ ತಂದವರ ಎದುರು ಹುಟ್ಟದ ಕೂಸಿನ ಹೆಸರು ಎತ್ತುವುದೇ?

"ಕೊಡ್ತೀನಿ, ಕೊಡ್ದೆ ಇನ್ನೇನು" ಎಂದೆ.

"ಎಷ್ಟು ಬೇಕಾದದು? ನಿನ್ಗಿಂತ ಚೆನ್ನಾಗಿ ಯಾರು ಏಳಾರು, ನೀನೇ ಏಳ್ಬುಡು."

ಮಳೆಗಾಲದ ನೆಲ. ಒದ್ದೆ ಗಾಳಿ. ಹುಣಸೆಯೇ ಆದರೂ ಸೀಳಿದ ಚಕ್ಕೆ. ದಿಮ್ಮಿಯ ಹಾಗೆ ಕೆಂಡ ಹಿಡಿದು ನಿಲ್ಲುವುದಿಲ್ಲ, ಬೇಗ ಉರಿದು ಬೇಗ ಆರುತ್ತದೆ. ಎಷ್ಟೇ ಸಣ್ಣ ಮೈಯಾದರೂ ಒಂದು ಮಾರಿಗೆ ಕಡಿಮೆ ಸಾಲದು. ಇದೆಲ್ಲ ನನ್ನ ತಲೆಯಲ್ಲಿ ಒಂದೇ ಗಳಿಗೆಯಲ್ಲಿ ಲೆಕ್ಕವಾಯಿತು. ಅದರ ಹಿಂದೆಯೇ ಇನ್ನೊಂದು ಲೆಕ್ಕವೂ ಆಯಿತು. ಒಂದು ಮಾರು ಎಂದರೆ ಇಪ್ಪತ್ತೆರಡು ದಿನದ ಬಿಸಿನೀರು.

"ಅರ್ಧ ಮಾರು ಸಾಕು" ಎಂದೆ. "ಅಜ್ಜಿ ಮೈಯಲ್ಲಿ ಏನದೆ, ಒಂದಿಡಿ."

ಕರಿಯಪ್ಪ ನನ್ನ ಮಾತಿಗೆ ಎದುರು ಮಾತಾಡಲಿಲ್ಲ. ನನ್ನ ಕಣ್ಣಳತೆಗೆ ಊರಲ್ಲಿ ಇದ್ದ ಬೆಲೆ ಅದು. ಅವರ ಟ್ರಾಕ್ಟರಿನಲ್ಲಿ ಅರ್ಧ ಮಾರು ಎಣಿಸಿ ತುಂಬಿ ಕಳಿಸಿದೆ. ಮೂರೂವರೆ ಮಾರು ಉಳಿಯಿತು. ಬರಿದಾದ ಜಾಗಕ್ಕೆ ಟಾರ್ಪಾಲು ಎಳೆದು ಮುಚ್ಚಿದೆ. ನಾನು ಸ್ಮಶಾನಕ್ಕೆ ಹೋದೆ, ಆದರೆ ಬೆಂಕಿ ಮುಟ್ಟಿಸಿದ ಮೇಲೆ ನಿಲ್ಲಲಿಲ್ಲ. ದನ ಕಟ್ಟಬೇಕು ಎಂದು ಯಾರಿಗೋ ಹೇಳಿ ತೋಟಕ್ಕೆ ಬಂದು ಪಂಪ್‌ಸೆಟ್ಟಿನ ಮನೆಯ ಮೆಟ್ಟಿಲ ಮೇಲೆ ಕೂತೆ. ಅಲ್ಲಿಂದ ಸ್ಮಶಾನದ ಹೊಗೆ ಕಾಣುತ್ತಿತ್ತು. ಮೊದಲು ಬೆಳ್ಳಗೆ ಎದ್ದಿತು. ಒಂದು ಗಂಟೆಯಲ್ಲಿ ತೆಳುವಾಯಿತು. ಅಷ್ಟು ಬೇಗ ತೆಳುವಾಗಬಾರದು ಎಂದು ನನಗೆ ಗೊತ್ತಿತ್ತು. ಎದ್ದೆ, ಕೂತೆ, ಮತ್ತೆ ಎದ್ದೆ.

ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇರುವಾಗ ಮರಿಸ್ವಾಮಿ ಓಡಿ ಬಂದ. ಕೆಸರು ತೊಡೆಯವರೆಗೆ ಹತ್ತಿತ್ತು. ತಲೆ ಬೋಳಿಸಿದ್ದರಿಂದ ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು.

"ಸಾಲ್ದಾಯ್ತು ಹೊನ್ನಪ್ಪಣ್ಣ" ಎಂದ. "ಸೌದೆ ಎಲ್ಲಾ ಉರಿದೋಯ್ತು. ಅವ್ವ ಇನ್ನೂ..."

ಕಣ್ಣೊರೆಸಿಕೊಂಡು, "ನಿನ್ ತಪ್ಪಲ್ಲ ಬುಡು, ಮಳೆಗೆ ಎಂಥೋರ ಲೆಕ್ಕನೂ ತಪ್ತದೆ" ಎಂದ.

ನನಗೆ ಉರಿದುಹೋಯಿತು. ಅವನ ಮೇಲಲ್ಲ. ಅವನು ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಹೆತ್ತವಳು ಅರೆಬರೆ ಬೆಂದು ಮಳೆಯಲ್ಲಿ ಮಲಗಿರುವಾಗ ಇವನು ನನ್ನನ್ನು ಸಮಾಧಾನ ಮಾಡುತ್ತಿದ್ದಾನೆ. ನಾನು ಟಾರ್ಪಾಲನ್ನು ಹಿಡಿದು ಒಂದೇ ಸಲಕ್ಕೆ ಕಿತ್ತೆಸೆದೆ. "ಕರ್ಕಬಾರ್ಲಾ ಟ್ರಾಕ್ಟರ್‌ನ" ಎಂದು ಕೂಗಿದೆ. ಬಂದವರು ಇನ್ನರ್ಧ ಮಾರು ತುಂಬಿ "ಸಾಕು" ಎಂದರು. ನಾನು ಕೇಳಲಿಲ್ಲ. "ತುಂಬ್ರಲಾ! ನನ್ ಸೌದೆ, ನನ್ನಿಷ್ಟ" ಎಂದು ಎರಡೂ ಕೈಯಲ್ಲಿ ಬಾಚಿ ಬಾಚಿ ಎಸೆದೆ. ತೆಂಗಿನ ದಿಮ್ಮಿ ಕಾಣುವವರೆಗೆ ಎಸೆದೆ. ನಾನು ಹೀಗೇ. ತಪ್ಪು ಮಾಡುವಾಗ ಅರ್ಧ, ತಿದ್ದಿಕೊಳ್ಳುವಾಗ ಒಂದಕ್ಕೆ ಏಳು.

ಚಿತೆ ಮತ್ತೆ ಎದ್ದಿತು. ಈ ಸಲ ನಾನು ಕೊನೆಯವರೆಗೂ ಅಲ್ಲೇ ನಿಂತೆ. ಅಜ್ಜಿ ಪೂರ್ತಿ ಬೂದಿಯಾದಳು. ಬಳಸಿದ್ದು ಒಂದು ಮಾರಿನೊಳಗೆ. ಮಿಕ್ಕಿದ್ದು ಟ್ರೈಲರಿನಿಂದ ಸುರಿದ ಕಡೆ ಗುಡ್ಡೆಯಾಗಿ ಬಿದ್ದಿತ್ತು.

ಬೆಳಗಾಗುತ್ತಲೇ ಮತ್ತೆ ಅಲ್ಲಿಗೆ ಹೋದೆ. ಯಾಕೆ ಹೋದೆ ಎಂದು ಕೇಳಬೇಡಿ. ಕಾಲೇ ಕರೆದುಕೊಂಡು ಹೋಯಿತು. ಮಳೆ ಬಿಟ್ಟಿತ್ತು. ಗುಡ್ಡೆಯ ಮೇಲಿನ ಚಕ್ಕೆಗಳು ನೆನೆದಿದ್ದವು, ಒಳಗಿನವು ಇನ್ನೂ ಒಣಗೇ ಇದ್ದವು. ಒಣಗಿದ್ದೇ ಎರಡು ಮಾರಿಗೆ ಮೋಸವಿಲ್ಲ. ಒಂದು ಹೊರೆ ಬಾಚಿಕೊಂಡೆ. ಸ್ಮಶಾನಕ್ಕೆ ಹೋದ ಸೌದೆ ಮನೆಗೆ ಹಿಂತಿರುಗಬಾರದು ಎಂದು ಎಳೆ ಮಗುವಿಗೂ ಗೊತ್ತು. ಆದರೆ ಸೌದೆಗೇನು ಗೊತ್ತು ಅದು ಎಲ್ಲಿಗೆ ಹೋಗಿತ್ತು ಎಂದು? ಯಾರೂ ನೋಡುತ್ತಿಲ್ಲ. ಕಳ್ಳಿ ಬೇಲಿಯವರೆಗೆ ನಡೆದೆ. ಬೇಲಿ ದಾಟಲು ಒಂದು ಹೆಜ್ಜೆ ಇತ್ತು. ಈ ಚಕ್ಕೆಯಿಂದ ಕಾದ ನೀರನ್ನು ಕೂಸಿನ ನೆತ್ತಿಗೆ ಹೊಯ್ಯುವುದನ್ನು ನೆನೆದೆ. ಮೊದಲನೆಯದು ಹೋದ ಮೇಲೆ ಇದಕ್ಕೂ ಏನಾದರೂ ಆಗಿಬಿಟ್ಟರೆ? ಹೊರೆಯನ್ನು ಅಲ್ಲೇ ಹಾಕಿ ಮನೆಗೆ ಬಂದೆ.

ಸಾಕಮ್ಮ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ಒದರಿಬಿಟ್ಟೆ. ಕೊಂಬೆ ಕಡಿದದ್ದು, ನಾಲ್ಕು ಮಾರು ಒಟ್ಟಿದ್ದು, ಮಾರಾಟಕ್ಕೆ ಎಂದು ಸುಳ್ಳು ಹೇಳಿದ್ದು, ಎಲ್ಲ ಹೋದದ್ದು.

"ನೀನು ಒಟ್ಟಿದ್ದು ನನ್ಗೆ ಗೊತ್ತಿರ್ಲಿಲ್ವಾ?" ಎಂದಳು, ತಲೆಯೆತ್ತದೆ. "ಎರಡು ತಿಂಗ್ಳು ನಿನ್ ಅಂಗಿ ತುಂಬಾ ಉಣಸೆ ಪುಡಿ. ಒಗೆಯೋಳು ನಾನು ತಾನೆ?"

"ಗೊತ್ತಿದ್ದೂ ಸುಮ್ಕಿದ್ಯಾ?"

"ಬ್ಯಾಡ ಅನ್ನಕ್ಕೆ ಬಾಯಿ ಬರ್ಲಿಲ್ಲ. ಒಟ್ಟು ಅನ್ನಕ್ಕೆ ಭಯ."

ಆಮೇಲೆ ಅರ್ಧ ಮಾರಿನ ವಿಷಯ ಹೇಳಿದೆ. ಬೇಕೆಂದೇ ಕಡಿಮೆ ಹೇಳಿದೆ ಎಂದೆ. ಅವಳ ಕೈ ನಿಂತಿತು. ಪಾತ್ರೆಯನ್ನು ಕೆಳಗಿಟ್ಟಳು.

"ನಮ್ ರಂಜಿತನ್ನ ಕಾಲ್ ಮ್ಯಾಲೆ ಮಲಗಿಸ್ಕಂಡು ನೀರುಯ್ದೋಳು ಕಣ ಅವ್ಳು. ಅವ್ಳಿಗೆ ಅರ್ಧ ಮಾರು ಅಂದ್ಯಾ? ನಿಂಗೇನಾರ ಮನುಸತ್ವ ಅದಾ?"

"ಇಲ್ಲ" ಎಂದೆ. "ಮಗೀಗೆ ಹೊಗೆ ಆಯ್ತದೆ ಅಂತ ಭಯ ಬಿತ್ತು. ಆ ಸಲ ನಾನು ಒಟ್ಟಿದ್ಕೆ ಅಂಗಾಯ್ತು, ಈ ಸಲ ಇಲ್ದೆ ಇದ್ರೆ ಇನ್ನೇನಾಯ್ತದೋ ಅಂತ."

ಸಾಕಮ್ಮ ಬೂದಿ ಮೆತ್ತಿದ ಕೈಯನ್ನೇ ನೋಡುತ್ತಿದ್ದಳು.

"ಆ ಕೂಸು ನಿನ್ ಸೌದೆಯಿಂದ ಓಗ್ಲಿಲ್ಲ" ಎಂದಳು ಕೊನೆಗೆ. "ನನ್ಗೆ ಅವತ್ತೇ ಗೊತ್ತಿತ್ತು. ಯಾರ್ನಾರ ಬೈಬೇಕಿತ್ತು ಕಣ. ದೇವ್ರು ಕೈಗೆ ಸಿಗಕಿಲ್ಲ. ನೀನು ಸಿಕ್ದೆ."

ಎರಡು ವರ್ಷ ಎದೆಯ ಮೇಲಿದ್ದ ಕಲ್ಲನ್ನು ಅವಳು ಪಾತ್ರೆ ಎತ್ತಿಟ್ಟ ಹಾಗೆ ಎತ್ತಿಟ್ಟುಬಿಟ್ಟಳು. ನನಗೆ ಅಳು ಬಂತು. ಗಂಡಸು, ಐವತ್ತೈದು ವರ್ಷ, ಹಿತ್ತಲಲ್ಲಿ ಕೂತು ಅತ್ತೆ. ಅವಳು ನನ್ನನ್ನು ಅಳಲು ಬಿಟ್ಟು ಎದ್ದು, ಕೈ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಗೆ ಹೋದಳು.

ಬೀದಿ ನಲ್ಲಿಯಲ್ಲಿ ಹೆಂಗಸರು ಬಿಂದಿಗೆ ಸಾಲಿಟ್ಟು ನಿಂತಿದ್ದರು. ಅಲ್ಲಿಗೇ ಹೋಗಿ ನಿಂತಳು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವಳ ಗಂಟಲು ಕೇಳಿಸಿತು.

"ನಮ್ಮ ರಂಜಿತಂಗೆ ಇನ್ನಿಪ್ಪತ್ತು ದಿನದಲ್ಲಿ ಎರಿಗೆ ಕಣ್ರವ್ವ. ಬಾಣಂತಿ ಒಲೆಗೆ ಸೌದೆ ಇಲ್ಲ. ನಿಮ್ಮನೇಲಿ ಎಷ್ಟದೋ ಅಷ್ಟು ಕೊಡಿ. ಹಸಿನೋ ಒಣಗ್ಲೋ, ಏನಾರ ಕೊಡಿ."

ಹೆರಿಗೆಯ ಮುಂಚೆ ಒಂದು ಬಟ್ಟೆ ಚೂರನ್ನೂ ತೆಗೆದಿಡಲು ಹೆದರುತ್ತಿದ್ದ ಸಾಕಮ್ಮ ಇವಳೇನಾ ಎಂದು ಎಲ್ಲರೂ ನೋಡಿದರು. ಒಳಗಿನಿಂದ ರಂಜಿತ ಬಂದು ನನ್ನ ಪಕ್ಕ ನಿಂತಳು. "ಅವ್ವ ಏಳ್ಬುಟ್ಳಾ?" ಎಂದಳು. ಅವಳ ಕಣ್ಣು ತುಂಬಿತ್ತು. ಅವಳೂ ಹೆದರಿಕೊಂಡೇ ಇದ್ದಳು, ನಮ್ಮಿಬ್ಬರಿಗಾಗಿ ಸುಮ್ಮನಿದ್ದಳು ಎಂದು ನನಗೆ ಹೊಳೆದದ್ದು ಆಗ.

ಸಂಜೆಯ ಹೊತ್ತಿಗೆ ಸೌದೆ ಬರತೊಡಗಿತು. ಸೌದೆ ಎಂದರೆ ಎಂಥ ಸೌದೆ! ಹಿಪ್ಪುನೇರಳೆ ಕಡ್ಡಿ, ತೆಂಗಿನ ಮಟ್ಟೆ, ಮುರಿದ ನೇಗಿಲಿನ ಮೇಣಿ, ಅರೆ ನೆನೆದ ಹೊಂಗೆ, ಉರಿಯದ ನುಗ್ಗೆ ತುಂಡು. ಯಾರೋ ಒಬ್ಬರು ಹಳೆಯ ತೊಟ್ಟಿಲಿನ ಕಾಲು ಕಳಿಸಿದ್ದರು. ಅದನ್ನು ಮಾತ್ರ ಸಾಕಮ್ಮ ಹಿಂದಕ್ಕೆ ಕಳಿಸಿದಳು. ಇವುಗಳನ್ನು ಒಟ್ಟುವುದೆಂದರೆ ಕುರಿ, ಕೋಳಿ, ಎಮ್ಮೆಯನ್ನು ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ. ಒಂದಕ್ಕೊಂದು ಕೂರುವುದಿಲ್ಲ, ಉದ್ದ ಸಮ ಬರುವುದಿಲ್ಲ. ಕೊಟ್ಟಿಗೆಯ ಅಟ್ಟದ ಮೇಲೆ, ಬಚ್ಚಲೊಲೆಯ ಮೇಲಿನ ತೊಲೆಗಳ ಮೇಲೆ ಹರಡಿ, ದಿನಾ ಅಡಿಮೇಲು ಮಾಡಿ ಕಾವಿಗೆ ಒಣಗಿಸಿದೆ. ಎಷ್ಟು ಮಾರು ಎಂದು ಯಾರೋ ಕೇಳಿದರು. ನಾನು ಅಳೆದಿರಲಿಲ್ಲ.

ಹನ್ನೊಂದು ದಿನದ ಕಾರ್ಯ ಮುಗಿಸಿ ಮರಿಸ್ವಾಮಿ ಹೆಗಲ ಮೇಲೆ ಒಂದು ಜಾಲಿ ದಿಮ್ಮಿ ಹೊತ್ತು ಬಂದ. ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, "ಅವತ್ತು ನನ್ ಲೆಕ್ಕ ತಪ್ಪಿರ್ಲಿಲ್ಲ ಕಣ್ಲಾ. ಬೇಕು ಅಂತ್ಲೇ ಕಮ್ಮಿ ಏಳ್ದೆ" ಎಂದೆ. ಅವನು ನನ್ನ ಮುಖ ನೋಡಿದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ತಿನ್ನುತ್ತಿದ್ದೆ. ಅವನು ದಿಮ್ಮಿಯನ್ನು ಕೆಳಗಿಳಿಸಿ, ಹೆಗಲು ಒರೆಸಿಕೊಂಡು ಹೊರಟುಹೋದ. ಮುಂದೆ ಆರು ತಿಂಗಳು ಅವನು ನನ್ನನ್ನು ಮಾತಾಡಿಸಲಿಲ್ಲ. ದಿಮ್ಮಿಯನ್ನು ಮಾತ್ರ ವಾಪಸ್ಸು ಕೇಳಲಿಲ್ಲ.

ಶ್ರಾವಣದ ಎರಡನೇ ಶನಿವಾರ ಪಟ್ಟಣದ ಆಸ್ಪತ್ರೆಯಲ್ಲಿ ರಂಜಿತ ಹೆತ್ತಳು. ಹೆಣ್ಣು. ಐದನೇ ದಿನಕ್ಕೆ ಮನೆಗೆ ಕರೆತಂದೆವು. ನೀರುಯ್ಯುವವರು ಇಲ್ಲದ್ದರಿಂದ ಸಾಕಮ್ಮನೇ ಸೀರೆ ಮೊಣಕಾಲಿಗೆ ಎತ್ತಿಕಟ್ಟಿಕೊಂಡು ಬಚ್ಚಲಲ್ಲಿ ಕಾಲು ಚಾಚಿ ಕೂತಳು. ಒಲೆ ನನ್ನದು. ಹೊಂಗೆ ಹಾಕಿದೆ, ಮಟ್ಟೆ ಹಾಕಿದೆ, ಊದುಕೊಳವೆಯಲ್ಲಿ ಊದಿ ಊದಿ ಕೆನ್ನೆ ಬಿದ್ದುಹೋಯಿತು. ಹಂಡೆ ಕಾಯುವ ಹೊತ್ತಿಗೆ ನಾನು ಇಷ್ಟು ದಿನ ಯಾವುದಕ್ಕೆ ಹೆದರಿದ್ದೆನೋ ಅದೇ ಆಯಿತು. ಹೊಗೆ ಬಚ್ಚಲು ತುಂಬಿ, ನಡುಮನೆ ತುಂಬಿ, ಹೆಂಚಿನ ಸಂದಿಯಿಂದ ಹೊರಗೆ ನುಗ್ಗಿತು.

"ಸಾಯಿಸ್ಬುಡ್ತೀಯ ಕೂಸ್ನ! ಎದ್ದೋಗು ಅತ್ಲಾಗೆ!" ಎಂದು ಸಾಕಮ್ಮ ಕೂಗಿದಳು.

ಅಷ್ಟರಲ್ಲಿ ಹೊಗೆ ಕಣ್ಣಿಗೆ ಹತ್ತಿ ಕೂಸು ಕಿರುಚಿತು. ಐದು ದಿನದ ಗಂಟಲಲ್ಲಿ ಅಷ್ಟು ಶಕ್ತಿ ಎಲ್ಲಿತ್ತೋ! ಮುಷ್ಟಿ ಕಟ್ಟಿಕೊಂಡು, ಮುಖ ಕೆಂಪಗೆ ಮಾಡಿಕೊಂಡು, ಉಸಿರು ಎಳೆದೆಳೆದು ಅತ್ತಿತು. ಪಕ್ಕದ ಮನೆಯವರು ಏನಾಯಿತೆಂದು ಬಂದು ಇಣುಕಿದರು. ಸಾಕಮ್ಮ ಬೈಯುವುದನ್ನು ನಿಲ್ಲಿಸಿ ಕೂಸಿನ ಮುಖವನ್ನೇ ನೋಡುತ್ತಿದ್ದಳು. ನಾನೂ ಊದುಕೊಳವೆ ಹಿಡಿದುಕೊಂಡು ನಿಂತೆ.

ಆ ಮೊದಲಿನದರ ದನಿ ಹೇಗಿರುತ್ತಿತ್ತೋ ನಮಗೆ ಗೊತ್ತಿಲ್ಲ. ಅದು ಅಳಲೇ ಇಲ್ಲ. ಇದು ಮನೆ ಕಿತ್ತುಹೋಗುವ ಹಾಗೆ ಅಳುತ್ತಿತ್ತು. ನಾನು ಹೊರಗೆ ಹೋಗಲಿಲ್ಲ. ಅಳಲಿ ಎಂದು ಒಲೆಗೆ ಇನ್ನೊಂದು ಹಸಿ ತುಂಡು ತುರುಕಿದೆ.